ಎರಡು ಬಣಗಳ ನಡುವೆ ಚಿತ್ರದುರ್ಗ

ಚಿಕ್ಕಜಾಜೂರು ಜಂಕ್ಷನ್ನಿನಿಂದ ಚಿತ್ರದುರ್ಗದ ಕಡೆಗೆ ಕವಲೊಡೆಯುವ ರೈಲುಹಳಿ ಹಾದುಹೋಗುವ ಸೀಮೆ ಒಂದು ಕಾಲಕ್ಕೆ ದುರ್ಗದ ನಾಯಕರದು. ಅವರಲ್ಲಿ ಕೊನೆಯವನಾದ ಮದಕರಿನಾಯಕ 1779ರಲ್ಲಿ ಹೈದರಾಲಿಯ ಸೆರೆಯಾದ. ಓಬವ್ವನ ಒನಕೆಯ ಕಥೆಯಿಂದಾಗಿ ಈ ಮುತ್ತಿಗೆ ಮನೆಮಾತಾಗಿದೆ. ಆದರೆ ದುರ್ಗದ ಪತನಕ್ಕೆ ಕಾರಣ ಹುಡುಕುವವರು ಕೋಟೆಯ ಕಿಂಡಿಯನ್ನಷ್ಟೇ ನೋಡಿದರೆ ಸಾಲದು; ಪುಣೆ, ಮದರಾಸುಗಳತ್ತಲೂ ಕಣ್ಣು ಹಾಯಿಸಬೇಕಾಗುತ್ತದೆ.

ಮೈಸೂರು ಮತ್ತು ಮರಾಠರ ನಡುವೆ ಸಿಕ್ಕಿಕೊಂಡಿದ್ದ ಈ ಸಂಸ್ಥಾನ ಅವರಿಬ್ಬರ ಹಗೆತನದಿಂದಲೇ ಉಳಿದುಕೊಂಡಿತ್ತು. 1763ರಲ್ಲಿ ಹೈದರನ ಬಿದನೂರು ದಂಡಯಾತ್ರೆಗೆ ನೆರವಾದ ಮದಕರಿನಾಯಕನೇ 1770ರಲ್ಲಿ ಪೇಶ್ವೆ ಮಾಧವರಾಯನ ಪರವಾಗಿ ನಿಜಗಲ್ಲು ಕೋಟೆಯ ಮುತ್ತಿಗೆಯಲ್ಲಿ ಹೋರಾಡಿದ. ಇದನ್ನು ಚಂಚಲತೆ ಎನ್ನುವವರಿದ್ದಾರೆ. ಪಾಳೆಯಗಾರನೊಬ್ಬನಿಗೆ ಬೇರೆ ದಾರಿಯಾದರೂ ಏನಿತ್ತು?

1777ರಲ್ಲಿ ಹೈದರ್ ದುರ್ಗಕ್ಕೆ ಮುತ್ತಿಗೆ ಹಾಕಿದ. ಅಷ್ಟರಲ್ಲಿ ಹರಿಪಂತ ಫಡ್ಕೆಯ ಮರಾಠಾ ಸೈನ್ಯ ಸಮೀಪಿಸಿದ್ದರಿಂದ ಹಣದ ಒಪ್ಪಂದ ಮಾಡಿಕೊಂಡು ಹಿಂದೆ ಸರಿದ. ಮರಾಠರ ವಿರುದ್ಧ ದಂಡು ಸಮೇತ ಬರಬೇಕೆಂಬ ಅವನ ಕರೆಗೆ ನಾಯಕ ಓಗೊಡಲಿಲ್ಲ. ಯಾರ ಕೈ ಮೇಲಾಗುವುದೋ ಎಂದು ಕಾದ. ಹರಿಪಂತನ ದಂಡಯಾತ್ರೆ ವಿಫಲವಾಯಿತು. ಇತ್ತ 1775ರಿಂದಲೇ ಇಂಗ್ಲಿಷರ ಜತೆ ಯುದ್ಧಕ್ಕಿಳಿದಿದ್ದ ಪುಣೆಗೆ 1779ರ ಆರಂಭದಲ್ಲಿ ವಡಗಾಂವದ ಬಳಿ ಶತ್ರುವನ್ನು ತಡೆಯುವುದೇ ದೊಡ್ಡ ಕೆಲಸವಾಗಿತ್ತು. ಬಯಸಿದ್ದರೂ ದುರ್ಗಕ್ಕೆ ಧಾವಿಸಿ ಬರುವಂತಿರಲಿಲ್ಲ. ಕೋಟೆಯೊಳಗಿನ ಕೆಲವು ಪಡೆಗಳೂ ಎದುರಾಳಿಯ ಕಡೆ ವಾಲಿದ್ದವು. ನಾಯಕ ಶರಣಾದ, ಕುಟುಂಬದೊಡನೆ ಅವನನ್ನು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು.

ವಿಪರ್ಯಾಸವೆಂದರೆ, ದುರ್ಗ ಯಾರ ದಾರಿ ಕಾದಿತ್ತೋ ಅದೇ ಮರಾಠರು ಮರುವರ್ಷವೇ ಹೈದರನ ಮಿತ್ರರಾದರು. ನಾನಾ ಫಡ್ನವೀಸ ಇಂಗ್ಲಿಷರ ವಿರುದ್ಧ ನಿಜಾಮನನ್ನೂ ಹೈದರನನ್ನೂ ಒಂದುಗೂಡಿಸಿದ. ಕೃಷ್ಣೆಯ ದಕ್ಷಿಣದಲ್ಲಿ ಹೈದರ್ ಗೆದ್ದ ನಾಡು ಅವನದೇ ಎಂದು ಒಪ್ಪಿಕೊಂಡ. ಹೈದರನಿಗೆ ಅವನದೇ ಆದ ಸಿಟ್ಟುಗಳಿದ್ದವು. 1769ರ ಮದರಾಸು ಒಪ್ಪಂದದಂತೆ ಮರಾಠರ ದಾಳಿಯ ಸಮಯದಲ್ಲಿ ಕಂಪನಿ ನೆರವಿಗೆ ಬರಬೇಕಿತ್ತು, ಬರಲಿಲ್ಲ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಫ್ರೆಂಚರು ಬ್ರಿಟನ್ನಿನ ವಿರುದ್ಧ ನಿಂತಾಗ, ಅದರ ಬಿಸಿ ಮಲಬಾರಿಗೂ ತಟ್ಟಿತು. ಹೈದರನಿಗೆ ಯುದ್ಧಸಾಮಗ್ರಿ ಬರುತ್ತಿದ್ದ ಫ್ರೆಂಚರ ಮಾಹೆ ಬಂದರನ್ನು ಇಂಗ್ಲಿಷರು 1779ರಲ್ಲಿ ವಶಪಡಿಸಿಕೊಂಡರು.

1780ರ ಜುಲೈನಲ್ಲಿ ಹೈದರ್ ಕರ್ನಾಟಿಕ್ ಸೀಮೆಗೆ ನುಗ್ಗಿದ. ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಬೈಲಿಯ ಸೈನ್ಯ ನುಚ್ಚುನೂರಾಯಿತು. ಆದರೆ ಮೈತ್ರಿಕೂಟ ಬಾಳಲಿಲ್ಲ. ಗುಂಟೂರನ್ನು ಮರಳಿಸಿ ವಾರನ್ ಹೇಸ್ಟಿಂಗ್ಸ್ ನಿಜಾಮನನ್ನು ಒಲಿಸಿಕೊಂಡ. 1781ರಲ್ಲಿ ಪೋರ್ಟೊನೊವೊದಲ್ಲಿ ಐರ್ ಕೂಟ್ ಗೆದ್ದ. 1782ರ ಸಾಲ್ಬಾಯಿ ಒಪ್ಪಂದದೊಂದಿಗೆ ಮರಾಠರೂ ಕೈಬಿಟ್ಟರು. ಅದೇ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡ. ಯುದ್ಧ ಮುಂದುವರಿಸಿದ ಟಿಪ್ಪು 1784ರ ಮಾರ್ಚಿಯಲ್ಲಿ ಮಂಗಳೂರಿನಲ್ಲಿ ಕಂಪನಿಯೊಡನೆ ಒಪ್ಪಂದಕ್ಕೆ ಬಂದ. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸಬೇಕೆಂದು ನಿರ್ಧಾರವಾಯಿತು.

ದುರ್ಗ ಮಾತ್ರ ನಾಯಕರಿಗೆ ಹಿಂದಿರುಗಲಿಲ್ಲ. ಕೋಟೆ ಬಿದ್ದ ಮೇಲೆ ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣದ ಕಡೆಗೆ ಸಾಗಿಸಲಾಯಿತೆಂದು ಹಳೆಯ ಗೆಜೆಟಿಯರ್ ದಾಖಲಿಸಿದೆ. ಅವರಲ್ಲಿದ್ದ ಹುಡುಗರನ್ನು ಮತಾಂತರಿಸಿ, ಕವಾಯತು ಕಲಿಸಿ, ಹೈದರನ 'ಚೇಲಾ' ಪಡೆಗಳಿಗೆ ಸೇರಿಸಿಕೊಳ್ಳಲಾಯಿತು.