ಬಲವಲ್ಲ, ಅವಧಿ: ಗ್ರಾಫಿಂಗ್ ಕ್ಯಾಲ್ಕ್ಯುಲೇಟರಿಗೆ ವೈಫೈ ಶೋಧಕ ಜೋಡಿಸುವ ಹವ್ಯಾಸದ ವಿವೇಚನೆ

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-83 ಪ್ಲಸ್ 1999ರಲ್ಲಿ ಬಂತು. 6 ಮೆಗಾಹರ್ಟ್ಸ್ ವೇಗದ ಝಡ್80 ಪ್ರೊಸೆಸರ್, 96×64 ಚುಕ್ಕೆಗಳ ಪರದೆ, ನಾಲ್ಕು ಎಎಎ ಸೆಲ್. ಅಮೆರಿಕದ ಪ್ರೌಢಶಾಲೆಗಳಲ್ಲಿ ಇದು ತೀರಾ ಪರಿಚಿತ ವಸ್ತು. ಕಂಪನಿ 1985ರಿಂದಲೇ ಬೆಂಗಳೂರಿನಲ್ಲಿದ್ದರೂ ಈ ಯಂತ್ರ ನಮ್ಮ ತರಗತಿಗಳಲ್ಲಿ ಅಪರೂಪ. ಗೇಟ್‌ನಂಥ ಪರೀಕ್ಷೆಯೂ ಕಂಪ್ಯೂಟರ್ ಪರದೆಯ ಮೇಲಿನ ಕ್ಯಾಲ್ಕ್ಯುಲೇಟರನ್ನಷ್ಟೇ ಒಪ್ಪುತ್ತದೆ. ಇಂಥ ಯಂತ್ರಕ್ಕೆ ವೈಫೈ ಶೋಧಕ ಜೋಡಿಸಲು ಹೊರಟವರು ಮೊದಲು ಕೇಳುವುದು ಸಂಕೇತ ಎಷ್ಟು ಬಲವಾಗಿದೆ ಎಂದು. ಅದು ಎಷ್ಟು ಹೊತ್ತು ಇರುತ್ತದೆ ಎಂಬ ಪ್ರಶ್ನೆಯೇ ವಿದ್ಯುತ್ ಮಂಡಲದ ವಿನ್ಯಾಸವನ್ನು ನಿರ್ಧರಿಸುತ್ತದೆ ಎಂಬುದು ಇಲ್ಲಿನ ವಾದ.

ಸುಲಭದ ದಾರಿ ಇಎಸ್‌ಪಿ8266ರಂಥ ಸಿದ್ಧ ಮಾಡ್ಯೂಲ್. ಅದು ಜಾಲದ ಹೆಸರು, ಚಾನೆಲ್, ಬಲ ಮೂರನ್ನೂ ತಾನೇ ಹೇಳಿಬಿಡುತ್ತದೆ. ಪರದೆಗೂ ಈ ಮಾಹಿತಿ ಅಚ್ಚುಕಟ್ಟಾಗಿ ಹೊಂದುತ್ತದೆ: ಚಾನೆಲ್ ಒಂದಕ್ಕೆ 7 ಚುಕ್ಕೆಯಂತೆ 13 ಚಾನೆಲ್‌ಗಳಿಗೆ 91 ಚುಕ್ಕೆ ಅಡ್ಡಕ್ಕೆ, ಡೆಸಿಬೆಲ್ ಒಂದಕ್ಕೆ ಒಂದು ಚುಕ್ಕೆಯಂತೆ 64 ಡೆಸಿಬೆಲ್ ಲಂಬಕ್ಕೆ. ಆದರೆ ಇಲ್ಲಿ ಕ್ಯಾಲ್ಕ್ಯುಲೇಟರ್ ಇನ್ನೊಬ್ಬರು ಬರೆದುಕೊಟ್ಟ ಭಾಷಣ ಓದುವವನಂತಾಗುತ್ತದೆ. ಮಾಡ್ಯೂಲ್ ಪ್ರಸಾರ ಮಾಡುವಾಗ 170 ಮಿಲಿಆಂಪಿಯರ್‌ವರೆಗೆ ಎಳೆಯುವುದರಿಂದ ಎಎಎ ಸೆಲ್‌ಗಳಿಗೂ ಹೊರೆ. ಜಾಲ ಹುಡುಕುವಾಗ ಅದು ತಾನೇ ವಿಚಾರಣೆಯ ಸಂದೇಶ ಕಳಿಸಿದರೆ, ಬರಿದೇ ಆಲಿಸುವ ಸಾಧನವೆಂದು ಅದನ್ನು ಕರೆಯುವಂತೆಯೂ ಇಲ್ಲ.

ಇನ್ನೊಂದು ದಾರಿ ಹೆಚ್ಚು ಕಷ್ಟದ್ದು, ನನ್ನ ದೃಷ್ಟಿಯಲ್ಲಿ ಹೆಚ್ಚು ಕಲಿಸುವಂಥದ್ದು: 2.4 ಗಿಗಾಹರ್ಟ್ಸ್ ಪಟ್ಟಿಯ ಶಕ್ತಿಯನ್ನು ನೇರವಾಗಿ ಅಳೆಯುವುದು. ತರಂಗಾಂತರ ಸುಮಾರು 12.5 ಸೆಂಟಿಮೀಟರ್, ಆದ್ದರಿಂದ ಕಾಲು ತರಂಗದ ಆಂಟೆನಾ 3 ಸೆಂಟಿಮೀಟರ್ ತಂತಿಯಲ್ಲೇ ಮುಗಿಯುತ್ತದೆ. ಆಂಟೆನಾಕ್ಕೆ ಶಾಟ್‌ಕಿ ಡಯೋಡ್ ಒಂದನ್ನೇ ಜೋಡಿಸಿದರೆ ಮಾತ್ರ ಸಾಲದು. ಮನೆಯೊಳಗೆ ಸಾಮಾನ್ಯವಾದ ಮೈನಸ್ 60 ಡಿಬಿಎಂ ಎಂದರೆ ಒಂದು ನ್ಯಾನೋವ್ಯಾಟ್. ಅದರಿಂದ ಡಯೋಡ್ ಕೊಡುವುದು ಕೆಲವು ಹತ್ತು ಮೈಕ್ರೋವೋಲ್ಟ್. ಅಗ್ಗದ ಆಪ್‌ಆಂಪ್‌ನ ಆಫ್‌ಸೆಟ್ ದೋಷವೇ ಮಿಲಿವೋಲ್ಟ್‌ಗಳಲ್ಲಿರುವುದರಿಂದ ಸಂಕೇತ ಅದರಲ್ಲೇ ಮುಳುಗಿಹೋಗುತ್ತದೆ. ಡಯೋಡ್ ರೌಟರಿನ ಪಕ್ಕದಲ್ಲಷ್ಟೇ ಉಪಯೋಗಕ್ಕೆ ಬರುತ್ತದೆ. ದೂರದ ಕೆಲಸಕ್ಕೆ ಎಡಿ8313ರಂಥ ಲಾಗರಿದಮಿಕ್ ಡಿಟೆಕ್ಟರ್ ಚಿಪ್ ಬೇಕು.

ಈಗ ಅವಧಿಯ ಮಾತು. ಯಾರೂ ಬಳಸದೆ ಸುಮ್ಮನಿರುವ ರೌಟರ್ ಸಾಮಾನ್ಯವಾಗಿ 102.4 ಮಿಲಿಸೆಕೆಂಡಿಗೊಮ್ಮೆ ತನ್ನ ಇರವನ್ನು ಸಾರುವ ಬೀಕನ್ ಕಳಿಸುತ್ತದೆ. 200 ಬೈಟ್‌ಗಳ ಬೀಕನ್ ಸೆಕೆಂಡಿಗೆ 1 ಮೆಗಾಬಿಟ್ ವೇಗದಲ್ಲಿ ಹೊರಟರೆ, ಆರಂಭದ 192 ಮೈಕ್ರೋಸೆಕೆಂಡಿನ ಪೀಠಿಕೆಯೂ ಸೇರಿ ಸುಮಾರು 1.8 ಮಿಲಿಸೆಕೆಂಡ್. ಒಟ್ಟು ಕಾಲದ ನೂರರಲ್ಲಿ ಎರಡು ಪಾಲೂ ಇಲ್ಲ. ಮನಬಂದ ಕ್ಷಣಗಳಲ್ಲಿ 40 ಬಾರಿ ಅಳೆದರೂ ಒಂದಾದರೂ ಬೀಕನ್ ಸಿಗುವ ಸಂಭವ ಅರ್ಧದಷ್ಟೇ. ಬದಲಿಗೆ ಶಕ್ತಿಯ ಸರಾಸರಿ ತೆಗೆದರೆ ಓದು 17.6 ಡೆಸಿಬೆಲ್ ಕುಸಿಯುತ್ತದೆ. ಬಯಲಿನ ಲೆಕ್ಕದಲ್ಲಿ ರೌಟರ್ ಇದ್ದುದಕ್ಕಿಂತ ಏಳೂವರೆ ಪಟ್ಟು ದೂರ ಸರಿದಂತೆ. ಸೂಕ್ಷ್ಮ ಆಂಟೆನಾ ಈ ತಪ್ಪನ್ನು ತಿದ್ದಲಾರದು. ಗರಿಷ್ಠ ಮಟ್ಟವನ್ನು ಕ್ಷಣಕಾಲ ಹಿಡಿದಿಡುವ ಪೀಕ್-ಹೋಲ್ಡ್ ಮಂಡಲ ಮತ್ತು ಮಿಲಿಸೆಕೆಂಡಿಗೊಮ್ಮೆ ಅದನ್ನು ಓದಿ ಖಾಲಿ ಮಾಡುವ ಪುಟ್ಟ ಮೈಕ್ರೋಕಂಟ್ರೋಲರ್, ಇವೆರಡೂ ಅನಿವಾರ್ಯ.

ಓದಿದ್ದನ್ನು ಒಳಗೆ ಸಾಗಿಸಲು 2.5 ಮಿಲಿಮೀಟರ್ ಲಿಂಕ್ ಪೋರ್ಟ್ ಇದೆ. ಅದರ ಎರಡು ತಂತಿಗಳೂ ಸುಮ್ಮನಿದ್ದಾಗ ಮೇಲಿನ ವೋಲ್ಟೇಜಿನಲ್ಲಿರುತ್ತವೆ. ಸೊನ್ನೆ ಕಳಿಸಲು ಒಂದನ್ನು, ಒಂದು ಕಳಿಸಲು ಇನ್ನೊಂದನ್ನು ಕೆಳಗೆಳೆಯಬೇಕು. ಪಡೆದವನು ಉಳಿದ ತಂತಿಯನ್ನು ಕೆಳಗೆಳೆದು ಮುಟ್ಟಿತೆಂದು ತಿಳಿಸುತ್ತಾನೆ. ಪ್ರತಿ ಬಿಟ್‌ಗೂ ಒಪ್ಪಿಗೆ ಇರುವುದರಿಂದ ಇಬ್ಬರ ಗಡಿಯಾರ ಹೊಂದಬೇಕಿಲ್ಲ. ಮೈಕ್ರೋಕಂಟ್ರೋಲರ್ ತಾನು ಟಿಐ ಕಂಪನಿಯದೇ ಸಿಬಿಎಲ್ ಎಂಬ ಪ್ರಯೋಗಾಲಯ ಪೆಟ್ಟಿಗೆಯೆಂದು ನಟಿಸಿದರೆ, ಅಸೆಂಬ್ಲಿ ಭಾಷೆಯ ಗೊಡವೆಯಿಲ್ಲದೆ ಟಿಐ-ಬೇಸಿಕ್‌ನ ಗೆಟ್ ಆಜ್ಞೆಯೇ ಅಳತೆಗಳ ಇಡೀ ಪಟ್ಟಿಯನ್ನು ತರಿಸಿಕೊಳ್ಳುತ್ತದೆ.

ಪಟ್ಟಿಯೊಂದರಲ್ಲಿ 999 ಸಂಖ್ಯೆಗಳಿಗೆ ಜಾಗವಿದೆ. ಮಿಲಿಸೆಕೆಂಡಿಗೊಂದರಂತೆ ಅದು ಹತ್ತಿರ ಹತ್ತಿರ ಒಂದು ಸೆಕೆಂಡ್, ಅಂದರೆ ಒಂಬತ್ತೋ ಹತ್ತೋ ಬೀಕನ್. ಸಂಖ್ಯೆಗೆ 9 ಬೈಟ್ ಹಿಡಿದರೂ ಯಂತ್ರದ 24 ಕಿಲೋಬೈಟ್ ಸ್ಮೃತಿಯಲ್ಲಿ ಆರಾಮವಾಗಿ ಕೂರುತ್ತದೆ. ಕ್ಯಾಲ್ಕ್ಯುಲೇಟರ್ ತನ್ನ ಕುಲಕಸುಬಿಗೆ ಮರಳುವುದು ಇಲ್ಲಿಂದ ಮುಂದೆ. ಹಲವು ದೂರಗಳಲ್ಲಿ ಅಳೆದು, ದೂರದ ಲಾಗರಿದಮ್ಮಿಗೆ ಎದುರಾಗಿ ಡೆಸಿಬೆಲ್ ಇಟ್ಟು, ಯಂತ್ರದಲ್ಲೇ ಇರುವ ಸರಳರೇಖಾ ಹೊಂದಾಣಿಕೆಯ ಆಜ್ಞೆ ಕೊಟ್ಟರೆ ಇಳಿಜಾರು ಸಿಗುತ್ತದೆ. ತಡೆಯಿಲ್ಲದ ಬಯಲಿಗೆ ಸಿದ್ಧಾಂತ ಹೇಳುವುದು ದೂರ ಹತ್ತು ಪಟ್ಟಾದಂತೆ 20 ಡೆಸಿಬೆಲ್ ಇಳಿಕೆ. ಗೋಡೆಗಳ ನಡುವೆ ಅದು ಸಾಮಾನ್ಯವಾಗಿ ಇನ್ನೂ ಕಡಿದು.

ಹೆಸರು ಓದಲಾರದ ಈ ಶೋಧಕ ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿರುವ ಬ್ಲೂಟೂತನ್ನೂ ಮೈಕ್ರೋವೇವ್ ಒಲೆಯನ್ನೂ ವೈಫೈ ಎಂದೇ ಎಣಿಸುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದು. ಒಲೆಯ ಮಟ್ಟಿಗೆ ಉತ್ತರ ಮತ್ತೆ ಅವಧಿಯಲ್ಲೇ ಇದೆ. ಸಾಂಪ್ರದಾಯಿಕ ಒಲೆಯ ಮ್ಯಾಗ್ನೆಟ್ರಾನ್ ಮನೆಯ ವಿದ್ಯುತ್ತಿನ ಲಯಕ್ಕೆ ಹೊತ್ತಿ ಆರುತ್ತದೆ: ಟಿಐ-83 ಪ್ಲಸ್‌ನ ತವರಿನಲ್ಲಿ 16.7 ಮಿಲಿಸೆಕೆಂಡಿಗೊಮ್ಮೆ, ನಮ್ಮ 50 ಹರ್ಟ್ಸ್ ಪೂರೈಕೆಯಲ್ಲಿ 20 ಮಿಲಿಸೆಕೆಂಡಿಗೊಮ್ಮೆ. ಅಳತೆಗಳ ಪಟ್ಟಿಯನ್ನು ಗ್ರಾಫ್ ಮಾಡಿದಾಗ ಇಪ್ಪತ್ತಿಪ್ಪತ್ತು ಅಳತೆಗೊಂದು ದಪ್ಪ ದಿಬ್ಬ ಎದ್ದರೆ ಅದು ಒಲೆ. ಸುಮಾರು ನೂರೆರಡು ಅಳತೆಗೊಂದು ತೆಳುವಾದ ಮುಳ್ಳೆದ್ದರೆ ರೌಟರ್.