ಭೋಗ್ಯ, ಬಿಕ್ಕಲಂ, ಬ್ಯಾಂಕು: ಮನೆಸಾಲಕ್ಕೆ ದಾರಿ ತೋರಿದವರು

ಅಜ್ಜಂಪುರದಲ್ಲಿ ಹಳೆಯ ಮನೆಯೊಂದನ್ನು ಕೊಳ್ಳಲು ಹೊರಟವರ ಕೈಗೆ ಮೊದಲು ಬರುವುದು ಒಂದು ಕಟ್ಟು ಕಾಗದ. ಬಿಚ್ಚಿ ನೋಡಿದರೆ ಮನೆ ನಿಂತಲ್ಲೇ ನಿಂತಿದೆ, ವಿಳಾಸ ಮಾತ್ರ ಓಡಾಡಿದೆ. ಸ್ವಾತಂತ್ರ್ಯಕ್ಕೆ ಮುಂಚಿನ ಪತ್ರದಲ್ಲಿ ಅದು ಕಡೂರು ಡಿಸ್ಟ್ರಿಕ್ಟು, ತರೀಕೆರೆ ತಾಲ್ಲೂಕು. ಜಿಲ್ಲಾ ಕೇಂದ್ರ 1865ರಲ್ಲೇ ಚಿಕ್ಕಮಗಳೂರಿಗೆ ಹೋಗಿದ್ದರೂ ಜಿಲ್ಲೆಗೆ ಕಡೂರಿನ ಹೆಸರು 1947ರವರೆಗೂ ಉಳಿದಿತ್ತು. ಆಮೇಲಿನ ಪತ್ರಗಳಲ್ಲಿ ಅದೇ ಮನೆ ಚಿಕ್ಕಮಗಳೂರು ಜಿಲ್ಲೆ, ತರೀಕೆರೆ ತಾಲ್ಲೂಕು. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಅಜ್ಜಂಪುರವೂ ಸೇರಿದ್ದರಿಂದ ಈಗಿನ ಪತ್ರದಲ್ಲಿ ತಾಲ್ಲೂಕಿನ ಹೆಸರೂ ಬೇರೆ.

ಇದನ್ನೆಲ್ಲ ಓದಿ, ಎಲ್ಲವೂ ಒಂದೇ ಮನೆಯ ಮಾತು ಎಂದು ಹೇಳಬಲ್ಲವರು ಯಾರು? ಅದರ ಮೇಲೆ ಹಳೆಯ ಸಾಲ ಉಳಿದಿದೆಯೇ? ಹೊಸ ಸಾಲ ತೆಗೆದರೆ ಮನೆ ಉಳಿದೀತೇ? ಸಾಲ ಕೊಡುವವರು ಬದಲಾಗುತ್ತ ಬಂದಿದ್ದಾರೆ. ಕೊಡುವವನಿಗೂ ಕೊಳ್ಳುವವನಿಗೂ ನಡುವೆ ನಿಂತು 'ಹೀಗೆ ಮಾಡಿ' ಎನ್ನುವ ಮನುಷ್ಯ ಮಾತ್ರ ಯಾವ ಕಾಲದಲ್ಲೂ ಇದ್ದೇ ಇದ್ದಾನೆ. ದಲ್ಲಾಳಿ ಎಂಬ ಮಾತಿಗೆ ಇಂದು ಅಷ್ಟೇನೂ ಮರ್ಯಾದೆ ಇಲ್ಲ. ಆದರೆ ಅರಬ್ಬಿಯಿಂದ ಬಂದ ಆ ಪದದ ಬೇರಿನಲ್ಲಿರುವ ಅರ್ಥ ದಾರಿ ತೋರುವುದು ಎಂದೇ.

ಕಲ್ಯಾಣದ ಪಂಡಿತನ ಲೆಕ್ಕ

ಆಸ್ತಿ ಅಡವಿಟ್ಟು ಸಾಲ ತೆಗೆಯುವುದು ಇಂಗ್ಲಿಷರು ತಂದ ಪದ್ಧತಿಯಲ್ಲ. ಅದರ ಬಗ್ಗೆ ಬಹಳ ಕಾಲ ಪ್ರಮಾಣವೆನಿಸಿದ ಗ್ರಂಥ ಹುಟ್ಟಿದ್ದೇ ಕರ್ನಾಟಕದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076-1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ 'ಮಿತಾಕ್ಷರಾ'. ದಾಯಭಾಗದ ವಿಷಯಕ್ಕೆ ಅದನ್ನು ಎಲ್ಲರೂ ನೆನೆಯುತ್ತಾರೆ. ಅದರ ಸಾಲದ ಪ್ರಕರಣ ಕೂಡ ಅಷ್ಟೇ ಸ್ವಾರಸ್ಯದ್ದು.

ಅಡವಿಗೆ ಅಲ್ಲಿರುವ ಹೆಸರು 'ಆಧಿ'. ಅದರಲ್ಲಿ ಎರಡು ಬಗೆ. ಸಾಲಿಗ ಬಳಸದೆ ಜೋಪಾನವಾಗಿ ಇಟ್ಟುಕೊಳ್ಳಬೇಕಾದದ್ದು ಗೋಪ್ಯ. ಬಳಸಿ ಅದರ ಫಲ ಉಣ್ಣಬಹುದಾದದ್ದು ಭೋಗ್ಯ. ಜೋಪಾನಕ್ಕೆಂದು ಕೊಟ್ಟದ್ದನ್ನು ಸಾಲಿಗ ಬಳಸಿದನೋ, ಅವನಿಗೆ ಬಡ್ಡಿ ಇಲ್ಲ. ಅಡವು ಇದ್ದ ಸಾಲಕ್ಕೆ ತಿಂಗಳ ಬಡ್ಡಿ ಅಸಲಿನ ಎಂಬತ್ತರಲ್ಲೊಂದು ಪಾಲು. ಅಂದರೆ ನೂರಕ್ಕೆ ಒಂದೂಕಾಲು ರೂಪಾಯಿ, ವರ್ಷಕ್ಕೆ ಶೇಕಡ 15. ಬಡ್ಡಿ ಬೆಳೆದು ಸಾಲ ಇಮ್ಮಡಿಯಾದರೂ ಬಿಡಿಸಿಕೊಳ್ಳದಿದ್ದರೆ ಅಡವು ಕೈಬಿಡುತ್ತದೆ. ವಾಯಿದೆ ಹಾಕಿ ಇಟ್ಟದ್ದು ವಾಯಿದೆ ಮೀರಿದರೆ ಹೋಗುತ್ತದೆ. ಫಲ ಉಣ್ಣಲು ಕೊಟ್ಟ ಅಡವು ಮಾತ್ರ ಎಂದೂ ಹೋಗುವುದಿಲ್ಲ. ಹಣ ತಂದಿಟ್ಟ ದಿನ ಅದು ಮಾಲೀಕನದೇ.

ಈ ಕಡೆಯ ಮಾತಿನ ಆಯುಷ್ಯ ದೊಡ್ಡದು. 1908ರ ಕಾಲಮಿತಿ ಕಾಯ್ದೆ ಅಡಮಾನ ಬಿಡಿಸಿಕೊಳ್ಳಲು 60 ವರ್ಷ ಕೊಟ್ಟಿತ್ತು. 1963ರ ಕಾಯ್ದೆ ಅದನ್ನು 30ಕ್ಕೆ ಇಳಿಸಿತು. ಹಾಗಾದರೆ ಅಜ್ಜ ಭೋಗ್ಯಕ್ಕೆ ಹಾಕಿದ ಆಸ್ತಿಯನ್ನು ಮೊಮ್ಮಗ ಕೇಳುವಂತಿಲ್ಲವೇ? ಹರಿಯಾಣದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ಉತ್ತರ ಕೊಟ್ಟಿತು. ಭೋಗ್ಯದ ಅಡಮಾನದಲ್ಲಿ ಪತ್ರ ಬರೆದ ದಿನದಿಂದ ಕಾಲ ಎಣಿಸುವಂತಿಲ್ಲ. ವರ್ಷ ಕಳೆಯಿತೆಂಬ ಒಂದೇ ಕಾರಣಕ್ಕೆ ಸಾಲ ಕೊಟ್ಟವನು ಒಡೆಯನಾಗುವುದಿಲ್ಲ. ಕಲ್ಯಾಣದ ಪಂಡಿತನಿಗೂ ದಿಲ್ಲಿಯ ನ್ಯಾಯಮೂರ್ತಿಗಳಿಗೂ ನಡುವೆ ಒಂಬತ್ತು ಶತಮಾನಗಳ ಅಂತರ!

ಭೋಗ್ಯ ಎಂಬ ಪದವಂತೂ ಪುಸ್ತಕ ಬಿಟ್ಟು ಬೀದಿಗೆ ಬಂದು ನೆಲೆಸಿದೆ. ಮನೆ ಬಾಡಿಗೆಗೋ ಭೋಗ್ಯಕ್ಕೋ ಎಂದು ಕೇಳದ ಊರು ಈ ಸೀಮೆಯಲ್ಲಿಲ್ಲ. ಇಡಿಗಂಟು ಕೊಟ್ಟು ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ವಾಸ, ಬಿಡುವಾಗ ಗಂಟು ವಾಪಸು. ಹಣಕ್ಕೆ ಬಡ್ಡಿಯಿಲ್ಲ, ಮನೆಗೆ ಬಾಡಿಗೆಯಿಲ್ಲ. ಕೇಳಲು ಇದಕ್ಕಿಂತ ಸರಳವಾದ ವ್ಯವಹಾರ ಇನ್ನೊಂದಿಲ್ಲ. ತೊಡಕಿರುವುದು ಬೇರೆ ಕಡೆ. ಮಾಲೀಕ ಅದೇ ಮನೆಯನ್ನು ಮೊದಲೇ ಬ್ಯಾಂಕಿಗೆ ಅಡಮಾನ ಮಾಡಿದ್ದರೆ? ಅವನು ಕಂತು ತಪ್ಪಿಸಿದರೆ 2002ರ ಸರ್ಫೇಸಿ ಕಾಯ್ದೆಯಂತೆ ಬ್ಯಾಂಕು ಕೋರ್ಟಿನಲ್ಲಿ ದಾವೆ ಹೂಡದೆಯೇ ಮನೆ ವಶಪಡಿಸಿಕೊಳ್ಳುವ ಕ್ರಮಕ್ಕೆ ಇಳಿಯಬಹುದು. ನೋಂದಣಿಯಾಗದ ಭೋಗ್ಯದ ಕಾಗದ ಹಿಡಿದವನ ಗಂಟು ಆಗ ನೀರಿನ ಮೇಲಿನ ಬರಹ. ನೂರು ರೂಪಾಯಿ ಮೇಲ್ಪಟ್ಟ ಭೋಗ್ಯದ ಅಡಮಾನಕ್ಕೆ ನೋಂದಣಿ ಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಾಲದಿಂದಲೂ ಇದೆ. ಛಾಪಾ ಕಾಗದ ಒಂದಿದ್ದರೆ ಸಾಕೆಂಬ ನಂಬಿಕೆ ಮಾತ್ರ ಜನರಲ್ಲಿ ಇನ್ನೂ ಗಟ್ಟಿಯಾಗಿದೆ.

ಬಿಕ್ಕಲಂ ಹಾಕಿದವನು

ಇಂಥ ಎಚ್ಚರಿಕೆ ಹೇಳಬೇಕಾದವನು ಯಾರು? ಉಪನೋಂದಣಾಧಿಕಾರಿಯಂತೂ ಅಲ್ಲ. ಪತ್ರ ಸರಿಯಾಗಿ ಬರೆದಿದೆಯೇ, ಶುಲ್ಕ ಸಂದಿದೆಯೇ, ಬರೆದುಕೊಟ್ಟವರು ಒಪ್ಪುತ್ತಾರೆಯೇ ಎಂದು ನೋಡುವುದು ಅವರ ಕೆಲಸ. ಆ ಆಸ್ತಿ ನಿಜಕ್ಕೂ ಮಾರುವವನದೇ ಎಂದು ಅವರು ಭರವಸೆ ಕೊಡುವುದಿಲ್ಲ. ಆ ಜಾಗ ತುಂಬಿದವನು ಪತ್ರ ಬರಹಗಾರ.

ಕಡೂರಿನಲ್ಲಿರಲಿ, ತರೀಕೆರೆಯಲ್ಲಿರಲಿ, ಎಲ್ಲ ಕಡೆ ನೋಂದಣಿ ಕಚೇರಿಯ ನೆರಳಿನಲ್ಲೇ ಅವನ ಬದುಕು. ಸಣ್ಣ ಮೇಜು, ಶಾಯಿ, ಹೆಬ್ಬೆಟ್ಟಿಗೆ ಮಸಿಯ ಡಬ್ಬಿ. ಆಮೇಲೆ ಬೆರಳಚ್ಚು ಯಂತ್ರ, ಈಗ ಗಣಕಯಂತ್ರ. ಅವನು ಬರೆಯುವ ಭಾಷೆಯೇ ಒಂದು ಪ್ರತ್ಯೇಕ ಕನ್ನಡ. ಚಕ್ಕುಬಂದಿ, ಖಾತೆ, ಕರಾರು, ಜಾಮೀನು, ವಾರಸುದಾರ, ತಂಟೆ ತಕರಾರು ಎಂದು ಪಾರಸಿ-ಅರಬ್ಬಿ-ಮರಾಠಿಗಳ ಸಂತೆ ಒಂದು ಕಡೆ. ಇನ್ನೊಂದು ಕಡೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣ, ಆಗಾಮಿ, ಸಿದ್ಧ, ಸಾಧ್ಯ ಎಂಬ ಅಷ್ಟಭೋಗಗಳ ಪಟ್ಟಿ. ವಿಜಯನಗರ ಕಾಲದ ತಾಮ್ರಶಾಸನಗಳಲ್ಲಿ ಅಗ್ರಹಾರ ದತ್ತಿ ಕೊಡುವಾಗ ಬರೆಯುತ್ತಿದ್ದ ಮಾತುಗಳಿವು. ಬಿ.ಎಲ್. ರೈಸ್ ಕಡೂರು ಜಿಲ್ಲೆಯ ಶಾಸನಗಳನ್ನು 1901ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಆರನೆಯ ಸಂಪುಟವಾಗಿ ಅಚ್ಚು ಹಾಕಿಸುವ ಹೊತ್ತಿಗೆ ಶಾಸನ ಬರೆಸುವ ರಾಜರು ಉಳಿದಿರಲಿಲ್ಲ. ಶಾಸನದ ಮಾತು ಮೂವತ್ತು-ನಲವತ್ತು ಅಡಿಯ ನಿವೇಶನದ ಕ್ರಯಪತ್ರದಲ್ಲಿ ಉಸಿರಾಡುತ್ತಿತ್ತು. ಸಣ್ಣ ಮನೆ ಕೊಂಡವನಿಗೂ ನೆಲದಡಿಯ ನಿಧಿಯ ಹಕ್ಕು ಬರೆದುಕೊಡುವ ಈ ಔದಾರ್ಯ ಇಂದಿಗೂ ಪೂರ್ತಿ ನಿಂತಿಲ್ಲ.

ಪತ್ರದ ಕೊನೆಯಲ್ಲಿ, ಸಾಕ್ಷಿಗಳ ಸಹಿಯಾದ ಮೇಲೆ, 'ಬಿಕ್ಕಲಂ' ಎಂದು ಬರೆದು ಅದರ ಮುಂದೆ ಅವನ ಹೆಸರು. ಈ ಲೇಖನಿಯಿಂದ ಬರೆದದ್ದು ಎಂದು ಅದರ ತಾತ್ಪರ್ಯ. ವ್ಯಾಜ್ಯ ಹುಟ್ಟಿದರೆ ಕೋರ್ಟಿಗೆ ಸಾಕ್ಷಿಯಾಗಿ ಬರಬೇಕಾದವರಲ್ಲಿ ಅವನೂ ಒಬ್ಬ.

ಅವನ ಸಲಹೆ ಎಷ್ಟು ತೂಕದ್ದಾಗಿತ್ತು ಎಂಬುದಕ್ಕೆ 'ಷರತ್ತಿನ ಕ್ರಯ'ವೇ ಸಾಕ್ಷಿ. ಮಗಳ ಮದುವೆಗೋ ಬೆಳೆ ಕೈಕೊಟ್ಟ ವರ್ಷಕ್ಕೋ ಹಣ ಬೇಕು. ಸಾಹುಕಾರ ಅಡಮಾನ ಪತ್ರ ಬೇಡ ಎನ್ನುತ್ತಾನೆ; ಮನೆಯನ್ನು ಕ್ರಯಕ್ಕೇ ಬರೆದುಕೊಡು, ಮೂರು ವರ್ಷದೊಳಗೆ ಹಣ ತಂದರೆ ತಿರುಗಿ ಬರೆದುಕೊಡುತ್ತೇನೆ ಎನ್ನುತ್ತಾನೆ. ಈ ಮಾತು ಅದೇ ಪತ್ರದೊಳಗೆ ಸೇರಿದರೆ ಅದನ್ನು ಅಡಮಾನವೆಂದು ವಾದಿಸಲು ದಾರಿ ಇರುತ್ತದೆ, ವಾಯಿದೆ ಮೀರಿದರೂ ಮನೆ ಬಿಡಿಸಿಕೊಳ್ಳುವ ಹಕ್ಕು ಉಳಿಯಬಹುದು. ಬೇರೆ ಕಾಗದದಲ್ಲಿ ಬರೆದರೆ ಅಥವಾ ಬರೀ ಬಾಯಿಮಾತಾದರೆ ಅದು ಅಡಮಾನವೇ ಅಲ್ಲ ಎಂದು 1929ರ ತಿದ್ದುಪಡಿ ಸ್ಪಷ್ಟವಾಗಿ ಹೇಳಿತು. ಒಂದು ವಾಕ್ಯ ಒಂದೇ ಹಾಳೆಯಲ್ಲಿದೆಯೇ ಎರಡು ಹಾಳೆಯಲ್ಲಿದೆಯೇ ಎಂಬುದರ ಮೇಲೆ ಒಂದು ಸಂಸಾರದ ಸೂರು ನಿಂತಿತ್ತು. ಆ ವಾಕ್ಯ ಎಲ್ಲಿ ಹೋಗಬೇಕೆಂದು ತಿಳಿದವನು ಪತ್ರ ಬರೆಯುವವನು.

ಅವನಿಗೆ ಹಣ ಕೊಡುತ್ತಿದ್ದವರು ಯಾರು? ಬರವಣಿಗೆಯ ಖರ್ಚು ಸಾಮಾನ್ಯವಾಗಿ ಸಾಲ ತೆಗೆಯುವವನ ತಲೆಗೆ. ಆದರೆ ಸಾಲ ತೆಗೆಯುವವನು ಜೀವಮಾನದಲ್ಲಿ ಒಂದೆರಡು ಸಲ ಬರುತ್ತಾನೆ; ಸಾಹುಕಾರ ತಿಂಗಳಿಗೆ ನಾಲ್ಕು ಸಲ. ಬರಹಗಾರನ ಲೇಖನಿ ಯಾವ ಕಡೆ ವಾಲುವ ಸಂಭವ ಹೆಚ್ಚೆಂದು ವಿವರಿಸಬೇಕಾಗಿಲ್ಲ. ಹಾಗಿದ್ದೂ ಊರಿನ ಕಣ್ಣಿಗೆ ಬೀಳುವ ಅಳುಕಿನಿಂದ ನ್ಯಾಯವಾಗಿ ಬರೆದವರೂ ಇದ್ದರೆನ್ನುವುದನ್ನು ಮರೆಯುವಂತಿಲ್ಲ.

ಸರ್ಕಾರಕ್ಕೂ ಈ ರೋಗ ತಿಳಿದಿತ್ತು. 1875ರಲ್ಲಿ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟ ಮೇಲೆ 1879ರಲ್ಲಿ ದಖನ್ ರೈತರ ಪರಿಹಾರ ಕಾಯ್ದೆ ಬಂತು. ರೈತ ಬರೆದುಕೊಡುವ ಪತ್ರ ಗ್ರಾಮದ ರಿಜಿಸ್ಟ್ರಾರನ ಕಣ್ಣೆದುರೇ ಬರೆಯಲ್ಪಡಬೇಕು, ನ್ಯಾಯಾಧೀಶ ಸಾಲದ ಹಿಂದಿನ ಚರಿತ್ರೆಯನ್ನು ಕೆದಕಿ ನೋಡಬೇಕು ಎಂದು ಅದು ವಿಧಿಸಿತು. ಮೈಸೂರು ಸಂಸ್ಥಾನದಲ್ಲೂ 1928ರಲ್ಲಿ ರೈತರ ಪರಿಹಾರ ಕಾನೂನು ಜಾರಿಗೆ ಬಂತು. ದೇವರಾಜ ಅರಸರ ಸರ್ಕಾರ 1976ರ ಋಣ ಪರಿಹಾರ ಕಾಯ್ದೆಯಿಂದ ಸಣ್ಣ ರೈತರ, ಭೂಹೀನ ಕೂಲಿಗಳ ಹಾಗೂ ದುರ್ಬಲ ವರ್ಗದವರ ಸಾಲವನ್ನೇ ಅಳಿಸಿ, ಗಿರವಿಯಿಟ್ಟ ಒಡವೆ-ಪಾತ್ರೆಗಳನ್ನು ಹಿಂದಿರುಗಿಸುವಂತೆ ಮಾಡಿತು.

ಸಹಕಾರದ ದಾರಿ

ಸಾಹುಕಾರನನ್ನು ಬಿಟ್ಟು ಬದುಕುವ ದಾರಿಯೂ ತೆರೆದುಕೊಳ್ಳುತ್ತಿತ್ತು. ಮೈಸೂರಿನ ಸಹಕಾರ ಸಂಘಗಳ ಕಾನೂನು 1905ರದು. 1909ರಲ್ಲಿ ನೋಂದಣಿಯಾದ ಬೆಂಗಳೂರು ಕಟ್ಟಡ ಸಹಕಾರ ಸಂಘವನ್ನು ದೇಶದ ಮೊದಲ ಗೃಹ ಸಹಕಾರ ಸಂಘವೆಂದು ಗುರುತಿಸುತ್ತಾರೆ. 1929ರಲ್ಲಿ ಬೆಂಗಳೂರಿನಲ್ಲಿ ಭೂ ಅಡಮಾನ ಬ್ಯಾಂಕು ಹುಟ್ಟಿತು. ಅದರ ತಾಲ್ಲೂಕು ಮಟ್ಟದ ರೂಪವೇ ಜನರ ಬಾಯಲ್ಲಿ ಇಂದಿಗೂ 'ಪಿಎಲ್‌ಡಿ ಬ್ಯಾಂಕು'. ಆದರೆ ಅದು ಜಮೀನಿನ ಬ್ಯಾಂಕು. ಬಾವಿ, ಪಂಪು, ತೋಟಕ್ಕೆ ಕೊಟ್ಟಿತೇ ಹೊರತು ಪೇಟೆಯ ಮನೆಗಲ್ಲ. ಮನೆಗೆ ಬೇಕೆಂದರೆ ನೌಕರನಿಗೆ ಭವಿಷ್ಯ ನಿಧಿ, ಅಡಿಕೆ ಬೆಳೆಗಾರನಿಗೆ ಮಂಡಿಯ ಮುಂಗಡ, ಉಳಿದವರಿಗೆ ಹೆಂಡತಿಯ ಒಡವೆ.

ಮನೆಸಾಲವನ್ನೇ ವ್ಯಾಪಾರ ಮಾಡಿಕೊಂಡ ಎಚ್‌ಡಿಎಫ್‌ಸಿ ಮುಂಬೈಯಲ್ಲಿ ಹುಟ್ಟಿದ್ದು 1977ರಲ್ಲಿ. ಕೆನರಾ ಬ್ಯಾಂಕಿನ ಆಸರೆಯಲ್ಲಿ ಬೆಂಗಳೂರಿನ ಕ್ಯಾನ್‌ಫಿನ್ ಹೋಮ್ಸ್ 1987ರಲ್ಲಿ, ರಾಷ್ಟ್ರೀಯ ವಸತಿ ಬ್ಯಾಂಕು 1988ರಲ್ಲಿ, ಎಲ್‌ಐಸಿಯ ಗೃಹಸಾಲ ಸಂಸ್ಥೆ 1989ರಲ್ಲಿ ಬಂದವು.

ಬ್ಯಾಂಕು ಕೇಳುವ ಅಡಮಾನವೂ ಬೇರೆ ಥರದ್ದು. ಭೋಗ್ಯವಲ್ಲ, ಕ್ರಯವಲ್ಲ, ಮೂಲಪತ್ರಗಳನ್ನು ಒಪ್ಪಿಸಿದರೆ ಮುಗಿಯಿತು. ಕಾಯ್ದೆ ಮೊದಲು ಈ ಸೌಲಭ್ಯವನ್ನು ಕಲ್ಕತ್ತ, ಮದ್ರಾಸು, ಬೊಂಬಾಯಿಯಂಥ ನಗರಗಳಿಗೆ ಕೊಟ್ಟು, ಉಳಿದ ಊರುಗಳನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿತ್ತು. ಪಟ್ಟಿಯಲ್ಲಿಲ್ಲದ ಊರಿನವನು ಪತ್ರದ ಕಟ್ಟು ಕಂಕುಳಲ್ಲಿಟ್ಟುಕೊಂಡು ಪಟ್ಟಿಯಲ್ಲಿದ್ದ ಊರಿನ ಶಾಖೆಗೆ ಹೋಗಿ ಒಪ್ಪಿಸಿ ಬರಬೇಕಿತ್ತು. ಹಾಗೆ ಒಪ್ಪಿಸಿಕೊಂಡ ಬ್ಯಾಂಕುಗಳ ಹೆಸರೂ ಈಗ ಚರಿತ್ರೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ಲೀನವಾದವು. ಹಳೆಯ ಮನೆಯ ಋಣಭಾರ ಪತ್ರದಲ್ಲಿ ಇವುಗಳ ಹೆಸರು ಕಂಡರೆ, ಸಾಲ ತೀರಿದೆಯೆಂಬ ಕಾಗದವನ್ನು ಇಂದಿನ ವಾರಸುದಾರ ಬ್ಯಾಂಕಿನಿಂದಲೇ ತರಬೇಕು.

ಹೊಸ ದಲ್ಲಾಳಿ

ಈಗ ಪತ್ರ ಬರಹಗಾರನ ಪಕ್ಕದಲ್ಲಿ ಇನ್ನೊಬ್ಬ ಬಂದಿದ್ದಾನೆ. ಕೈಯಲ್ಲಿ ಮೊಬೈಲು, ಬಾಯಲ್ಲಿ ನಾಲ್ಕಾರು ಬ್ಯಾಂಕುಗಳ ದರ. ಅರ್ಜಿ ತುಂಬುತ್ತಾನೆ, ವಕೀಲರ ಅಭಿಪ್ರಾಯ ತರಿಸುತ್ತಾನೆ, ಇ-ಖಾತೆ ಇಲ್ಲದಿದ್ದರೆ ಓಡಾಡುತ್ತಾನೆ. ಸಾಲಗಾರನಿಂದ ಏನೂ ಬೇಡ ಎನ್ನುತ್ತಾನೆ, ಏಕೆಂದರೆ ಅವನಿಗೆ ಕಮಿಷನ್ ಸಲ್ಲುವುದು ಸಾಲ ಕೊಡುವ ಸಂಸ್ಥೆಯಿಂದ.

ಅವನಿಂದ ಉಪಕಾರವಿಲ್ಲ ಎಂದಲ್ಲ. 'ಮೂರು ರೂಪಾಯಿ ಬಡ್ಡಿ' ಎಂಬ ಕೈಸಾಲ ಅಗ್ಗವೆಂದೂ, ಬ್ಯಾಂಕಿನ 'ಎಂಟೂವರೆ' ದುಬಾರಿಯೆಂದೂ ತಿಳಿಯುವವರು ಇಂದಿಗೂ ಸಿಗುತ್ತಾರೆ. ಮೂರು ರೂಪಾಯಿ ತಿಂಗಳದ್ದು, ವರ್ಷಕ್ಕೆ 36 ಎಂದು ಬಿಡಿಸಿ ಹೇಳಿದರೆ ಅದೇ ದೊಡ್ಡ ಸಲಹೆ. ಆದರೆ ಅವನು ಅಷ್ಟಾಗಿ ಹೇಳದ ಲೆಕ್ಕವೂ ಒಂದಿದೆ. 20 ಲಕ್ಷ ರೂಪಾಯಿ ಸಾಲ, ಬಡ್ಡಿ ಶೇಕಡ 8.5 ಎನ್ನಿ. ಇಪ್ಪತ್ತು ವರ್ಷಕ್ಕಾದರೆ ತಿಂಗಳ ಕಂತು ಸುಮಾರು 17,356 ರೂಪಾಯಿ, ಕಟ್ಟುವ ಒಟ್ಟು ಬಡ್ಡಿ 21.65 ಲಕ್ಷ. ಹದಿನೈದು ವರ್ಷಕ್ಕಾದರೆ ಕಂತು 19,695, ಬಡ್ಡಿ 15.45 ಲಕ್ಷ. ತಿಂಗಳಿಗೆ 2,339 ರೂಪಾಯಿ ಹೆಚ್ಚು ಕಟ್ಟಿದರೆ ಉಳಿಯುವುದು ಆರು ಲಕ್ಷಕ್ಕೂ ಮೇಲೆ. ಕಮಿಷನ್ನು ಸಾಲದ ಮೊತ್ತದ ಮೇಲೆ ನಿಂತಾಗ, ಸ್ವಲ್ಪ ಕಡಿಮೆ ತೆಗೆಯಿರಿ, ಬೇಗ ತೀರಿಸಿ ಎನ್ನುವುದರಲ್ಲಿ ಅವನಿಗೇನು ಲಾಭ?

ಬ್ರಿಟನ್ನಿನಲ್ಲಿ ಮನೆಸಾಲದ ದಲ್ಲಾಳಿಗಳು 2004ರ ಅಕ್ಟೋಬರ್ ಕೊನೆಯಿಂದ ಹಣಕಾಸು ನಿಯಂತ್ರಕರ ಅಧೀನಕ್ಕೆ ಬಂದರು. ಸಂಸ್ಥೆಯಿಂದ ತಮಗೆ ಸಲ್ಲುವ ಹಣವನ್ನು ಗಿರಾಕಿಗೆ ತಿಳಿಸುವುದು ಅವರ ಕರ್ತವ್ಯ. ಇಲ್ಲಿ 2016ರ ರೇರಾ ಕಾಯ್ದೆ ನಿವೇಶನ-ಮನೆ ಮಾರಿಸುವ ಏಜೆಂಟರನ್ನು ನೋಂದಣಿಗೆ ಒಳಪಡಿಸಿತು. ಸಾಲ ಕೊಡಿಸುವವನು ಅದರ ವ್ಯಾಪ್ತಿಗೆ ಬರಲಿಲ್ಲ. ಆದರೂ ಕೆಲವು ಅನುಕೂಲ ಆಗಿದೆ. ಬದಲಾಗುವ ಬಡ್ಡಿಯ ಮನೆಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ ಎಂದು ರಿಸರ್ವ್ ಬ್ಯಾಂಕು 2012ರಲ್ಲಿ ಹೇಳಿತು. 2024ರ ಅಕ್ಟೋಬರಿನಿಂದ ಹೊಸ ಸಾಲಗಳಿಗೆ ಬಡ್ಡಿ, ಶುಲ್ಕ ಎಲ್ಲ ಸೇರಿದ ನಿಜವಾದ ವಾರ್ಷಿಕ ದರವನ್ನು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಒಂದು ವಿವರಣಾ ಪತ್ರದಲ್ಲಿ ಬರೆದುಕೊಡಬೇಕಾಗಿದೆ. ಕನ್ನಡದಲ್ಲಿ ಬೇಕೆಂದು ಕಡೂರಿನವರೂ ಕೇಳಬಹುದು, ಅಜ್ಜಂಪುರದವರೂ ಕೇಳಬಹುದು.

ಅಜ್ಜಂಪುರದ ಆ ಹಳೆಯ ಕಟ್ಟಿನಲ್ಲಿ ಶಾಯಿ ಮಾಸಿದ ಪತ್ರದ ತುದಿಗೂ ಬಿಕ್ಕಲಂ ಎಂಬ ಮಾತು, ಅದರ ಮುಂದೆ ಬರೆದವನ ಹೆಸರು ಇರುತ್ತದೆ. ಹೊಸ ಸಾಲದ ಕಡತದಲ್ಲಿ ಸಾಲಗಾರ, ಜಾಮೀನುದಾರ, ವಕೀಲ, ಮೌಲ್ಯಮಾಪಕ, ವ್ಯವಸ್ಥಾಪಕ ಎಲ್ಲರ ಸಹಿಗೂ ಜಾಗವಿದೆ. ಆ ಬ್ಯಾಂಕಿಗೇ ಹೋಗಿ ಎಂದವನ ಗುರುತು, ಇದ್ದರೆ, ಅರ್ಜಿಯ ಮೂಲೆಯಲ್ಲೊಂದು ಸಂಖ್ಯೆ.