ನಷ್ಟದ ಚಿನ್ನ

ಕೆಜಿಎಫ್ ಗಣಿ ನಷ್ಟದಿಂದ ಮುಚ್ಚಿತು ಅಂತ ಕೇಳಿದಾಗಲೆಲ್ಲ ನನಗೊಂದು ಅನುಮಾನ. ಚಿನ್ನ ತೆಗೆಯೋನಿಗೆ ಎಂಥ ನಷ್ಟ?

1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಹೊಸದರಲ್ಲಿ ಒಂದು ಟನ್ ಅದಿರಿಗೆ 40 ಗ್ರಾಂಗೂ ಹೆಚ್ಚು ಚಿನ್ನ ಸಿಗುತ್ತಿತ್ತು. ಕೊನೆಕೊನೆಗೆ 3 ಗ್ರಾಂ ಆಸುಪಾಸು. ಅಷ್ಟಕ್ಕೂ ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಕೆಳಗಿಳಿಯಬೇಕು. ಕೈಯಿಟ್ಟರೆ ಸುಡುವ ಬಂಡೆ, ಅದೂ ಒತ್ತಡ ತಾಳದೆ ಇದ್ದಕ್ಕಿದ್ದಂತೆ ಸಿಡಿಯುತ್ತೆ. ಖರ್ಚು ಏರದೆ ಇನ್ನೇನು?

ಆದರೆ ಕಥೆ ಇಷ್ಟೇ ಅಲ್ಲ. 1956ರಲ್ಲಿ ಮೈಸೂರು ಸರ್ಕಾರ, 1962ರಲ್ಲಿ ಕೇಂದ್ರ ಸರ್ಕಾರ ಗಣಿಯನ್ನು ವಹಿಸಿಕೊಂಡವು. ಅರವತ್ತರ ದಶಕದಲ್ಲಿ ಇಲ್ಲಿನ ಚಿನ್ನವನ್ನು ಸರ್ಕಾರ ತಗೊಂಡಿದ್ದು ಔನ್ಸಿಗೆ 35 ಡಾಲರಿನ ಅಂತರರಾಷ್ಟ್ರೀಯ ದರದಲ್ಲಿ. ಅದೇ ಚಿನ್ನಕ್ಕೆ ನಮ್ಮ ಪೇಟೆಯಲ್ಲಿ ಹೆಚ್ಚುಕಮ್ಮಿ ಎರಡು ಪಟ್ಟು ಬೆಲೆ! ಆ ವ್ಯತ್ಯಾಸ ಗಣಿಯ ಲೆಕ್ಕಕ್ಕೆ ಬರಲೇ ಇಲ್ಲ. ಕೆಳಗಿಳಿದು ಸಿಲಿಕೋಸಿಸ್ ಅಂಟಿಸಿಕೊಂಡವರು ಮಾತ್ರ ‘ನಷ್ಟದ ಕಂಪನಿ’ ಕಾರ್ಮಿಕರಾದರು.

ಸುಮಾರು 800 ಟನ್ ಚಿನ್ನ ಕೊಟ್ಟ ಮೇಲೆ, 2001ರಲ್ಲಿ ಬಾಗಿಲು ಬಿತ್ತು. ಶಿವನಸಮುದ್ರದ ಕರೆಂಟು 1902ರಲ್ಲೇ, ಬೆಂಗಳೂರಿಗಿಂತ ಮೂರು ವರ್ಷ ಮೊದಲೇ ಬಂದಿದ್ದ ಊರದು. ಈಗ ಆ ಕಾರ್ಮಿಕರ ಮಕ್ಕಳು ನಸುಕಿನಲ್ಲೇ ಮಾರಿಕುಪ್ಪಂ ರೈಲು ಹತ್ತಿ ನಮ್ಮ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ, ರಾತ್ರಿ ವಾಪಸ್ ಹೋಗ್ತಾರೆ.